ನೀಲಿ ವಯರು ಕೀಳದ ದಿನ

ಕಂಪ್ಯೂಟರಿಗೆ ನೆಟ್ಟಿನ ವಯರು ಚುಚ್ಚಲು ಒಂದೇ ತೂತು ಇಟ್ಟವನು ಯಾರೋ ನನಗೆ ಗೊತ್ತಿಲ್ಲ. ಎದುರು ಸಿಕ್ಕಿದ್ದರೆ ನಾಲ್ಕು ಮಾತು ಚೆನ್ನಾಗಿ ಕೇಳುತ್ತಿದ್ದೆ. ಪೆರ್ಲದಲ್ಲಿ ಅರ್ಜಿ ತುಂಬಿಸಿಕೊಡುವ ಅಂಗಡಿ ಇಟ್ಟು ನನಗೆ ಹದಿನಾಲ್ಕು ವರ್ಷ ಆಯಿತು. ಅದರಲ್ಲಿ ಆರೇಳು ವರ್ಷ ನಾನು ಮಾಡಿದ ಮುಖ್ಯ ಕೆಲಸವೆಂದರೆ ಮೇಜಿನ ಅಡಿಗೆ ಬಗ್ಗಿ ಒಂದು ವಯರು ಕೀಳುವುದು, ಇನ್ನೊಂದು ಚುಚ್ಚುವುದು.

ನನ್ನ ಅಂಗಡಿಗೆ ಬರುವ ನೆಟ್ ಎರಡು. ಅಂಗಡಿ ಇರುವುದು ಒಂದು ಸರಕಾರಿ ಕಟ್ಟಡದ ಕೆಳಗಿನ ಸಾಲಿನಲ್ಲಿ, ಮೇಲಿನ ಮಹಡಿಯಲ್ಲಿ ಕಚೇರಿ. ಕಚೇರಿಯವರು ಊರಿನವರ ದಾಖಲೆಗಳನ್ನೆಲ್ಲ ತಮ್ಮದೊಂದು ಕಂಪ್ಯೂಟರಿನಲ್ಲಿ ತುಂಬಿಸಿ ಇಟ್ಟಿದ್ದಾರೆ. ಮುದ್ರೆ ಬಿದ್ದ ಪ್ರಮಾಣಪತ್ರ ನನ್ನ ಮೇಜಿನ ಮೇಲೆ ಕಾಣಬೇಕೆಂದು ಅಲ್ಲಿಂದ ಕೆಳಗೆ ಒಂದು ನೀಲಿ ವಯರು ಎಳೆದಿದ್ದಾರೆ. ಆ ವಯರಿನಲ್ಲಿ ಮಹಡಿಯ ಕಂಪ್ಯೂಟರು ಬಿಟ್ಟರೆ ಲೋಕದ ಬೇರೇನೂ ಸಿಗುವುದಿಲ್ಲ. ಲೋಕ ಬೇಕಿದ್ದರೆ ಕೇಬಲ್ ಟಿವಿಯವನು ಕೊಟ್ಟ ಬಿಳಿ ವಯರು ಹಾಕಬೇಕು. ಒಬ್ಬರ ಪ್ರಮಾಣಪತ್ರ ಇಳಿಸಲು ನೀಲಿ, ಅದನ್ನು ಅರ್ಜಿಗೆ ಸೇರಿಸಿ ಕಳುಹಿಸಲು ಬಿಳಿ, ಮುಂದಿನವರು ಬಂದರೆ ಮತ್ತೆ ನೀಲಿ. ನೀಲಿ ವಯರಿನ ತುದಿಯ ಪ್ಲಾಸ್ಟಿಕ್ ನಾಲಗೆ ಮುರಿದಿತ್ತು, ವಯರು ಜಾರದ ಹಾಗೆ ಬಸ್ ಟಿಕೇಟು ಮಡಚಿ ಸಂದಿಗೆ ತುರುಕುತ್ತಿದ್ದೆ. ಮೇಜಿನ ಅಡಿಯಿಂದ ಏಳುವಾಗ ತಲೆ ಬಡಿಯದ ದಿನವಿಲ್ಲ.

"ಎಂತ ಅಕ್ಕ, ಅಡಿಯಲ್ಲಿ ಎಂತ ಹುಡುಕುವುದು? ಚಿನ್ನ ಬಿದ್ದಿದೆಯಾ?" ಎಂದು ಸಾಲಿನಲ್ಲಿ ನಿಂತವರು ತಮಾಷೆ ಮಾಡುತ್ತಿದ್ದರು. "ಹೌದು ಮಾರಾಯ, ನಿನ್ನ ಮದುವೆಗೆ ಕೊಡ್ಲಿಕ್ಕೆ" ಎನ್ನುತ್ತಿದ್ದೆ. ಒಳಗೆ ಮೈಯೆಲ್ಲ ಉರಿಯುತ್ತಿತ್ತು.

ಕಡೆಗೆ ಕುಂಬಳೆಯಿಂದ ಕಂಪ್ಯೂಟರು ರಿಪೇರಿ ಮಾಡುವ ಒಬ್ಬನನ್ನು ಕರೆಸಿದೆ. ಮೂವತ್ತರ ಹರೆಯದವನು, ಮಾತು ಕಡಿಮೆ. ಪೆಟ್ಟಿಗೆ ಬಿಚ್ಚಿ ಎರಡನೇ ವಯರಿಗೆಂದು ಇನ್ನೊಂದು ಕಾರ್ಡು ಕೂರಿಸಿದ. ಎರಡು ತೂತು, ಎರಡು ವಯರು, ಒಟ್ಟಿಗೆ. ಪರದೆಯಲ್ಲಿ ಒಂದೊಂದು ವಯರಿಗೂ ಒಂದೊಂದು ಪುಟ್ಟ ಕಿಟಕಿ ತೆರೆದು ಏನೇನೋ ನಂಬರು ಬರೆದ. ಮಹಡಿಯ ದಾಖಲೆಯೂ ತೆರೆಯಿತು, ಹೊರಗಿನ ಲೋಕವೂ ತೆರೆಯಿತು. ನನಗೆ ಆದ ಸಂತೋಷಕ್ಕೆ ಅವನಿಗೆ ಎದುರಿನ ಹೋಟೆಲಿನಿಂದ ಗೋಳಿಬಜೆ ತರಿಸಿಕೊಟ್ಟೆ.

"ಇನ್ನು ವಯರು ಮುಟ್ಲಿಕ್ಕೆ ಇಲ್ಲ ಅಕ್ಕ. ಎರಡೂ ಹಾಗೇ ಇರ್ಲಿ" ಎಂದು ಹೇಳಿ ಅವನು ಬಸ್ಸು ಹತ್ತಿದ.

ಅವನು ಹೋದ ಮೇಲೆ, ಏನು ಮಾಡಿದ್ದಾನೆ ನೋಡುವ ಎಂದು ಅವನು ತೋರಿಸಿದ ಹಾಗೆ ಆ ಪುಟ್ಟ ಕಿಟಕಿಗಳನ್ನು ತೆರೆದೆ. ಬಿಳಿ ವಯರಿನದ್ದು ಎಲ್ಲ ಭರ್ತಿ. ನೀಲಿ ವಯರಿನದ್ದರಲ್ಲಿ ಮೇಲಿನ ಎರಡು ಸಾಲು ಮಾತ್ರ ಬರೆದಿದ್ದಾನೆ, ಮೂರನೆಯದು ಖಾಲಿ! ಗೇಟ್‌ವೇ ಎಂದು ಅದರ ಹೆಸರು. ನೋಡಿ ನನಗೆ ಪಿತ್ತ ನೆತ್ತಿಗೇರಿತು. ಗೋಳಿಬಜೆ ಪೂರ್ತಿ ತಿಂದಿದ್ದಾನೆ, ಕೆಲಸ ಅರ್ಧ ಮಾಡಿದ್ದಾನೆ.

ಖಾಲಿ ಕಾಲಂ ಎಂದರೆ ಏನು ಎನ್ನುವುದು ಬೇರೆ ಊರಿನವರಿಗೆ ಗೊತ್ತಿರಲಿಕ್ಕಿಲ್ಲ. ಗಡಿಯ ಈಚೆ, ಮಲಯಾಳದ ನಾಡಿನಲ್ಲಿ ಕನ್ನಡ ಕಲಿತು ಬೆಳೆದ ನಮಗೆ ಚೆನ್ನಾಗಿ ಗೊತ್ತು. ನಮಗೆ ಬರುವ ಅರ್ಜಿ ಮಲಯಾಳದಲ್ಲಿ. ಕನ್ನಡದ್ದು ಇಲ್ಲವಾ ಎಂದು ಕೇಳಿದರೆ ಇದೆ, ಆದರೆ ಮುಗಿದಿದೆ ಎನ್ನುತ್ತಾರೆ. ಯಾವ ಪ್ರಶ್ನೆ ನಮಗೆ, ಯಾವುದು ನಮಗಲ್ಲ ಎಂದು ತಿಳಿಯದೆ ಒಂದು ಸಾಲು ಬಿಟ್ಟರೆ ಅರ್ಜಿ ವಾಪಸು. ನನ್ನ ಅಪ್ಪನ ಒಂದೇ ಅರ್ಜಿ ಮೂರು ಸಲ ತಿರುಗಿ ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಗದ್ದೆ ಕೆಲಸ ಬಿಟ್ಟು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿ, ಸಂಜೆ ಅದೇ ಕಾಗದ ಹಿಡಿದುಕೊಂಡು ಬರುತ್ತಿದ್ದರು. ಹಾಗಾಗಿ ನನ್ನ ಅಂಗಡಿಯಲ್ಲಿ ಒಂದೇ ಕಾನೂನು: ಒಂದು ಕಾಲಂ ಸಹ ಖಾಲಿ ಬಿಡಬಾರದು. ಉತ್ತರ ಇಲ್ಲದಿದ್ದರೆ ಇಲ್ಲ ಎಂದು ಬರೆಯಬೇಕು, ಅದೂ ಆಗದಿದ್ದರೆ ಒಂದು ಗೆರೆಯಾದರೂ ಎಳೆಯಬೇಕು.

ಇಲ್ಲಿ ಗೆರೆ ಎಳೆಯಲು ಬರುವುದಿಲ್ಲ, ನಂಬರೇ ಬೇಕು. ಮೆಟ್ಟಿಲು ಹತ್ತಿ ಕಚೇರಿಯ ಗುಮಾಸ್ತನ ಹತ್ತಿರ ನಿಮ್ಮ ಗೇಟ್‌ವೇ ನಂಬರು ಎಷ್ಟು ಎಂದು ಕೇಳಿದೆ. ತೆಂಕಣ ಜಿಲ್ಲೆಯಿಂದ ವರ್ಗವಾಗಿ ಬಂದವನು, ನನ್ನನ್ನು ಅಕ್ಕ ಎನ್ನುವ ಬದಲು ಅವರ ಭಾಷೆಯಲ್ಲಿ ಚೇಚಿ ಎಂದು ಕರೆಯುತ್ತಾನೆ. ಗೋಡೆಗೆ ಅಂಟಿಸಿದ ಚೀಟಿ ನೋಡಿ ಓದಿ ಹೇಳಿದ. ಕೆಳಗೆ ಬಂದು ತುಂಬಿಸಿದೆ. ಕಂಪ್ಯೂಟರು ಇಂಗ್ಲಿಷಿನಲ್ಲಿ ಉದ್ದಕ್ಕೆ ಏನೋ ಒಂದು ಎಚ್ಚರಿಕೆ ಕೊಟ್ಟು, ಹೀಗೇ ಉಳಿಸಬೇಕಾ, ಹೌದೋ ಅಲ್ಲವೋ ಎಂದು ಕೇಳಿತು. ಸರಕಾರಿ ಅರ್ಜಿಗಳಲ್ಲಿ ಅಲ್ಲ ಎಂದು ಒತ್ತಿದರೆ ಮಾಡಿದ್ದೆಲ್ಲ ಅಳಿಸಿಹೋಗುತ್ತದೆ. ಹದಿನಾಲ್ಕು ವರ್ಷದಿಂದ ಹೌದು ಒತ್ತಿದ ಬೆರಳು. ಒತ್ತಿದೆ. ಎಲ್ಲ ಭರ್ತಿಯಾಯಿತು ಎಂದು ಸಮಾಧಾನವೂ ಆಯಿತು.

ಅದಾದ ಮೇಲೆ ಹೊರಗಿನ ನೆಟ್ ಒಮ್ಮೆ ತೆರೆಯುವುದು, ಒಮ್ಮೆ ಸುಮ್ಮನೆ ತಿರುಗುವುದು ಶುರುವಾಯಿತು. ಬಿಳಿ ವಯರಿನದ್ದೇ ರಗಳೆ ಎಂದು ಕೇಬಲ್ಲಿನವನಿಗೆ ದಿನಕ್ಕೆರಡು ಸಲ ಫೋನು ಮಾಡಿ ಬೈದೆ.

ಇನ್ನು ಟೀಚರ್ ವಿಷಯ. ನನಗಿಂತ ಹನ್ನೆರಡು ವರ್ಷ ಚಿಕ್ಕವರು, ಆದರೂ ಟೀಚರ್ ಎಂದೇ ಕರೆಯುವುದು. ಪ್ರತಿ ಜೂನಿನಲ್ಲಿ ಅವರನ್ನು ಒಂದು ಕನ್ನಡ ಶಾಲೆಗೆ ದಿನಗೂಲಿಗೆ ಕರೆಯುತ್ತಾರೆ, ಮಾರ್ಚಿನಲ್ಲಿ ಮನೆಗೆ ಕಳುಹಿಸುತ್ತಾರೆ. ಹದಿನೈದು ಜೂನು ಹೀಗೆ ಕಳೆದಿದ್ದರು. ಕನ್ನಡ ಬಲ್ಲವರಿಗೆಂದೇ ಇರುವ ಖಾಯಂ ಹುದ್ದೆಗೆ ಪರೀಕ್ಷೆ ಕರೆಯುವುದು ಯಾವ ಕಾಲಕ್ಕೋ ಒಮ್ಮೆ. ಈ ಸಲ ಕರೆದರು, ಟೀಚರ್ ಬರೆದರು, ಪಟ್ಟಿಯಲ್ಲಿ ಹೆಸರೂ ಬಂತು. ಇನ್ನು ದಾಖಲೆಗಳನ್ನು ನೆಟ್ಟಿನಲ್ಲಿ ಕಳುಹಿಸುವುದು ಮಾತ್ರ ಬಾಕಿ. ಮುಂದಿನ ಪರೀಕ್ಷೆ ಬರುವಷ್ಟರಲ್ಲಿ ಅವರಿಗೆ ವಯಸ್ಸು ಮೀರಿರುತ್ತದೆ. ಅಂದರೆ ಇದೇ ಮೊದಲು, ಇದೇ ಕಡೆ.

ಎಲ್ಲ ದಾಖಲೆ ಸಿದ್ಧವಿತ್ತು, ಇಲ್ಲಿಯವರೇ ಎನ್ನುವ ಪ್ರಮಾಣಪತ್ರ ಒಂದು ಬಿಟ್ಟು. ಅದು ಯಾಕೆ ತಡವಾಯಿತು ಕೇಳಿ. ಟೀಚರ್ ಮನೆಯಲ್ಲೇ ಅರ್ಜಿ ತುಂಬಿಸಿ ಮಹಡಿಗೆ ಕೊಟ್ಟಿದ್ದರು. ಗಂಡನ ಮನೆಯ ಹೆಸರು ಎನ್ನುವ ಕಾಲಂ ಖಾಲಿ ಬಿಟ್ಟಿದ್ದರು. ಅವರಿಗೆ ಮದುವೆಯೇ ಆಗಿಲ್ಲ, ಗಂಡನ ಮನೆಯನ್ನು ಎಲ್ಲಿಂದ ತರುವುದು? ಒಂಬತ್ತು ದಿನ ಇಟ್ಟುಕೊಂಡು, ಅಪೂರ್ಣ ಎಂದು ಬರೆದು ಅರ್ಜಿ ವಾಪಸು ಕೊಟ್ಟರು. ಗಂಡ ಇಲ್ಲದವಳ ಅರ್ಜಿ ಅಪೂರ್ಣವಂತೆ! ನಾನು ಮಹಡಿಗೆ ಹೋಗಿ ಆ ಗುಮಾಸ್ತನ ಎದುರೇ ಇಲ್ಲ ಎಂದು ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟೆ. "ಈಗ ಪೂರ್ಣ ಆಯ್ತಾ?" ಎಂದು ಕೇಳಿದೆ. ಆಯ್ತು ಚೇಚಿ ಎಂದು ತಲೆ ಅಲ್ಲಾಡಿಸಿದ. ಆಮೇಲೆ ಟೀಚರ್‌ಗೂ ಎರಡು ಮಾತು ಬುದ್ಧಿ ಹೇಳಿದೆ. "ನನ್ನ ಹತ್ತಿರ ಬಂದಿದ್ರೆ ಹೀಗೆ ಆಗ್ತಿತ್ತಾ? ನಾನು ಜನ್ಮದಲ್ಲಿ ಒಂದು ಕಾಲಂ ಖಾಲಿ ಬಿಟ್ಟವಳಲ್ಲ."

ಪ್ರಮಾಣಪತ್ರಕ್ಕೆ ಮುದ್ರೆ ಬಿದ್ದದ್ದು ಕಡೆಯ ದಿನ, ಮಧ್ಯಾಹ್ನ ಮೂರೂ ಕಾಲಿಗೆ. ಐದು ಗಂಟೆಗೆ ನೇಮಕಾತಿಯವರ ಸೈಟು ಮುಚ್ಚುತ್ತದೆ. ಟೀಚರ್ ಶಾಲೆಯಿಂದ ಅರ್ಧ ದಿನ ರಜೆ ಹಾಕಿ ಬಂದು ನನ್ನ ಪಕ್ಕದ ಸ್ಟೂಲಿನಲ್ಲಿ ಕುಳಿತಿದ್ದರು. ನೀಲಿ ವಯರಿನಲ್ಲಿ ಪ್ರಮಾಣಪತ್ರ ತೆರೆಯಿತು, ಇಳಿಸಿಕೊಂಡೆ. ನೇಮಕಾತಿ ಸೈಟು ತೆರೆಯಲು ಒತ್ತಿದೆ. ತಿರುಗಿತು, ತಿರುಗಿತು, ಸಿಗುವುದಿಲ್ಲ ಎಂದು ಹೇಳಿತು. ಮತ್ತೆ ಒತ್ತಿದೆ, ಅದೇ. ಕಂಪ್ಯೂಟರನ್ನು ಆರಿಸಿ ಹೊತ್ತಿಸಿದೆ. ಮೊದಲು ಒಮ್ಮೊಮ್ಮೆಯಾದರೂ ತೆರೆಯುತ್ತಿದ್ದದ್ದು ಈಗ ಪೂರ್ತಿ ಮುಷ್ಕರ.

ಕೇಬಲ್ಲಿನವನಿಗೆ ಫೋನು ಮಾಡಿದೆ. "ಲೈನ್ ಸರಿ ಉಂಟು ಅಕ್ಕ. ನಿಮ್ಮ ಪಕ್ಕದ ಮೆಡಿಕಲ್‌ನಲ್ಲಿ ಕೇಳಿ, ಅವರಿಗೆ ಬರ್ತಾ ಉಂಟು" ಎಂದ. "ಅವರಿಗೆ ಬಂದರೆ ನನಗೆ ಎಂತ ಪ್ರಯೋಜನ ಮಾರಾಯ? ನಾನು ಮೆಡಿಕಲ್‌ನಲ್ಲಿ ಕೂತಿದ್ದೇನಾ?" ಎಂದು ಬೈದು ಇಟ್ಟೆ.

ಟೀಚರ್ ತಮ್ಮ ಮೊಬೈಲಿನಲ್ಲಿ ಪ್ರಯತ್ನಿಸಿದರು. ನಮ್ಮಲ್ಲಿ ಫೋನು ಒಮ್ಮೆ ಈಚೆಯ ಟವರಿಗೆ, ಒಮ್ಮೆ ಗಡಿಯಾಚೆಯ ಟವರಿಗೆ ಹಾರುತ್ತಿರುತ್ತದೆ. ಪುಟ ಅರ್ಧ ತೆರೆದು ನಿಂತಿತು. ಆಗ ಅವರು ಮೆಲ್ಲಗೆ ಹೇಳಿದರು, "ಅಕ್ಕ, ಮೊದಲು ಮಾಡ್ತಿದ್ರಲ್ಲ, ಹಾಗೆ ಆ ನೀಲಿ ವಯರು ಒಮ್ಮೆ ಕಿತ್ತು ನೋಡುವನಾ?"

ನಾನು ಕೊಟ್ಟ ಉತ್ತರ ಒಂದಕ್ಷರ ಬಿಡದೆ ನೆನಪಿದೆ. "ಎಂತಕ್ಕೆ ಕೀಳುವುದು ಟೀಚರ್? ಇನ್ನು ಕೀಳ್ಲಿಕ್ಕೆ ಇಲ್ಲ ಅಂತ ಹೇಳಿ ಹೋಗಿದ್ದಾನೆ. ಎರಡೂ ಒಟ್ಟಿಗೆ ಬರ್ಬೇಕು, ಬರಿಸ್ತೇನೆ. ನೀವು ಸುಮ್ಮನೆ ಕೂತ್ಕೊಳ್ಳಿ."

ಅವರು ಫೋನನ್ನು ಬ್ಯಾಗಿಗೆ ಹಾಕಿಕೊಂಡರು.

ಕುಂಬಳೆಯವನಿಗೆ ಫೋನು ಹಚ್ಚಿದೆ. ಅವನು ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದ, "ಸೆಟ್ಟಿಂಗಿಗೆ ಯಾರಾದ್ರೂ ಕೈ ಹಾಕಿದ್ದಾರಾ ಅಕ್ಕ?"

"ಯಾರು ಕೈ ಹಾಕುವುದು? ಇಲ್ಲಿ ಇರುವುದು ನಾನೊಬ್ಬಳು! ನೀನು ಅರ್ಧ ಬಿಟ್ಟು ಹೋದದ್ದನ್ನು ನಾನೇ ಪೂರ್ತಿ ಮಾಡ್ಬೇಕಾಯ್ತು, ಮೇಲಿಂದ ನನಗೇ ಕೇಳ್ತೀಯಾ?" ಎಂದೆ. ಪೂರ್ತಿ ಮಾಡಿದ್ದು ಎಂದರೆ ಎಂತ ಎಂದು ಅವನು ಕೇಳುವ ಮೊದಲೇ ನನ್ನ ಬಾಯಿ ಮುಂದಕ್ಕೆ ಹೋಗಿತ್ತು. ಕೆಲಸ ಗೊತ್ತಿಲ್ಲದವರು ಯಾಕೆ ಒಪ್ಪಿಕೊಳ್ಳಬೇಕು, ಒಬ್ಬರ ಅನ್ನದ ಪ್ರಶ್ನೆ ಇದು, ನಿನ್ನ ಮನೆಯವರಿಗೆ ಹೀಗಾಗಿದ್ದರೆ ಸುಮ್ಮನಿರುತ್ತಿದ್ದೆಯಾ ಎಂದೆಲ್ಲ ಬೈದೆ. "ಈಗ ನೀಲಿ ತೆಗೆದು ನಿಮ್ಮ ಕೆಲಸ ಮುಗಿಸಿ ಅಕ್ಕ, ನಾಳೆ ಬಂದು ನೋಡ್ತೇನೆ" ಎಂದ. ಅವನೂ ಅದನ್ನೇ ಹೇಳಿದ್ದು ಕೇಳಿ ನನ್ನ ಸಿಟ್ಟು ಇಮ್ಮಡಿಯಾಯಿತು. ಕೀಳುವುದೇ ಆದರೆ ನಿನ್ನನ್ನು ಕರೆಸಿದ್ದು ಯಾಕೆ ಎಂದು ಕೇಳಿ ಫೋನು ಕುಕ್ಕಿದೆ.

ನಾಲ್ಕು ಗಂಟೆಯ ಬದಿಯಡ್ಕ ಬಸ್ಸು ಬಂದು ಎದುರು ನಿಂತಿತು. ಬದಿಯಡ್ಕದಲ್ಲಿ ನನ್ನ ಹಾಗೆ ಅರ್ಜಿ ಕಳುಹಿಸುವ ಅಂಗಡಿಗಳು ಬೇಕಾದಷ್ಟಿವೆ. ಟೀಚರ್ ಬ್ಯಾಗು ಹೆಗಲಿಗೆ ಹಾಕಿ ಅರ್ಧ ಎದ್ದರು. "ಕೂತ್ಕೊಳ್ಳಿ ಟೀಚರ್, ಈಗ ಆಗ್ತದೆ. ನಾನು ಇದ್ದೇನಲ್ಲ" ಎಂದೆ. ಕಂಡಕ್ಟರು ಬಾಗಿಲು ಬಡಿದ. ಬಸ್ಸು ಹೋಯಿತು.

ಆಮೇಲೆ ಮಹಡಿಗೆ ಹತ್ತಿದೆ. ನಿಮ್ಮ ವಯರಿನಿಂದಲೇ ಇದೆಲ್ಲ ಎಂದು ಗುಮಾಸ್ತನ ಮೇಲೆ ಹಾರಿದೆ. ಅವನಿಗೆ ಕನ್ನಡ ಅರ್ಧ ಅರ್ಥವಾಗುತ್ತದೆ, ನನಗೆ ಸಿಟ್ಟು ಬಂದರೆ ಮಲಯಾಳ ಅರ್ಧ ಮರೆಯುತ್ತದೆ. ಒಂಬತ್ತು ದಿನ ಅರ್ಜಿ ಇಟ್ಟುಕೊಂಡ ಕತೆಯಿಂದ ಹಿಡಿದು ನಮ್ಮ ಅಪ್ಪನ ಕಾಲದ ಕತೆಯವರೆಗೆ ಎಲ್ಲವನ್ನೂ ಅವನ ಮೇಜಿನ ಮೇಲೆ ಸುರಿದೆ. ಸಾಲಿನಲ್ಲಿ ನಿಂತಿದ್ದವರು ಸರಿಯಾಗಿ ಕೇಳಿದಿರಿ ಅಕ್ಕ, ಯಾರಾದರೂ ಕೇಳಲೇಬೇಕಿತ್ತು ಎಂದು ಹುರಿದುಂಬಿಸಿದರು. ನಾನು ಆಡಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಅದನ್ನು ಈಗಲೂ ಹೇಳುತ್ತೇನೆ. ಆದರೆ ಗಡಿಯಾರ ನೋಡಿದಾಗ ನಾಲ್ಕು ಮುಕ್ಕಾಲು ದಾಟಿತ್ತು.

ಕೆಳಗೆ ಓಡಿ ಬಂದೆ. ಟೀಚರ್ ಅದೇ ಸ್ಟೂಲಿನಲ್ಲಿ, ಬ್ಯಾಗು ಮಡಿಲಲ್ಲಿ ಇಟ್ಟುಕೊಂಡು, ಪರದೆಯನ್ನೇ ನೋಡುತ್ತಾ ಇದ್ದರು. ಅವರ ಮುಖ ಕಂಡದ್ದೇ ಮೇಜಿನ ಅಡಿಗೆ ಬಗ್ಗಿ ನೀಲಿ ವಯರನ್ನು ಕಿತ್ತು ಎಸೆದೆ.

ಎದ್ದು ನಿಲ್ಲುವ ಮೊದಲೇ ಸೈಟು ತೆರೆದಿತ್ತು.

ಆದರೆ ಒಳಗೆ ಹೋಗಲು ಫೋನಿಗೆ ಬರುವ ಆರು ಅಂಕಿ ಬೇಕು. ಫೋನು ಗಡಿಯಾಚೆಯ ಟವರಿನಲ್ಲಿ ಕುಳಿತಿತ್ತು. ಟೀಚರ್ ಅದನ್ನು ಎತ್ತಿ ಹಿಡಿದು ಅಂಗಳಕ್ಕೆ ಓಡಿದರು, ರಸ್ತೆಗೆ ಓಡಿದರು. ಅಂಕಿ ಬಂತು. ಕೂಗಿ ಹೇಳಿದರು, ಹಾಕಿದೆ. ಒಂದು ದಾಖಲೆ ಹೋಯಿತು, ಎರಡು ಹೋಯಿತು. ಐದು ದಾಖಲೆಯಲ್ಲಿ ಮೂರನೆಯದು ಹೋಗುತ್ತಾ ಇರುವಾಗ ಪರದೆ ಬಿಳಿಯಾಗಿ, ಸಮಯ ಮುಗಿದಿದೆ ಎಂದು ಬಂತು. ಅದು ಮಾತ್ರ ಮೂರು ಭಾಷೆಯಲ್ಲಿತ್ತು, ಕನ್ನಡದಲ್ಲಿಯೂ!

"ಹೋಗ್ಲಿ ಬಿಡಿ ಅಕ್ಕ" ಎಂದು ಟೀಚರ್ ಹೇಳಿದರು. ನೀರು ಕೇಳಿ ಕುಡಿದರು. ಮುಂದಿನ ಬಸ್ಸಿಗೆ ಹೋದರು.

ಮರುದಿನ ಕುಂಬಳೆಯವನು ಬಂದ. ಸೀದಾ ಆ ಪುಟ್ಟ ಕಿಟಕಿ ತೆರೆದು, ನೀಲಿ ವಯರಿನ ಮೂರನೇ ಸಾಲಿನ ಮೇಲೆ ಬೆರಳಿಟ್ಟು, "ಇದನ್ನು ತುಂಬಿಸಿದ್ದು ಯಾರು?" ಎಂದು ಕೇಳಿದ.

"ನಾನು. ನೀನು ಖಾಲಿ ಬಿಟ್ಟಿದ್ದೆ."

"ಖಾಲಿಯೇ ಇರ್ಬೇಕು ಅಕ್ಕ. ಗೇಟ್‌ವೇ ಅಂದ್ರೆ ಹೊರಗೆ ಹೋಗುವ ಗೇಟು. ಮಹಡಿಯ ಕಂಪ್ಯೂಟರು ನಿಮ್ಮ ಮನೆಯ ಒಳಗೆಯೇ ಇದ್ದ ಹಾಗೆ. ಚಾವಡಿಯಿಂದ ಅಡಿಗೆಕೋಣೆಗೆ ಹೋಗ್ಲಿಕ್ಕೆ ಯಾರಾದ್ರೂ ಗೇಟು ದಾಟ್ತಾರಾ? ಎರಡು ಗೇಟು ತೋರಿಸಿದ್ರೆ ಅದಕ್ಕೆ ಯಾವುದರಲ್ಲಿ ಹೋಗುವುದು ಅಂತ ಗೊತ್ತಾಗುವುದಿಲ್ಲ. ನಿಮ್ಮದು ಮಹಡಿಯ ಗೇಟಿಗೆ ಹೋಗಿ ನಿಲ್ತಾ ಇತ್ತು. ಅಲ್ಲಿಂದ ಹೊರಗೆ ದಾರಿ ಇಲ್ಲ." ಹೇಳುತ್ತಲೇ ಆ ಸಾಲು ಅಳಿಸಿದ. ನೀಲಿ ವಯರು ಚುಚ್ಚಿದ. ಎರಡೂ ಒಟ್ಟಿಗೆ ತೆರೆದವು. ಒಂದು ನಿಮಿಷದ ಕೆಲಸ.

"ಹೀಗೆ ಮಾಡುವಾಗ ಅದು ಒಮ್ಮೆ ಕೇಳ್ತದೆ ಅಕ್ಕ, ಬೇಕಾ ಬೇಡವಾ ಅಂತ."

"ಕೇಳಿತ್ತು" ಎಂದೆ.

ಅವನ ಮೇಲೂ ಸಿಟ್ಟು ಬಂತು. ಬಿಡಲಿಕ್ಕೆಂದೇ ಬಿಟ್ಟದ್ದು ಎಂದು ಒಂದು ಮಾತು ಹೇಳಿ ಹೋಗಬಹುದಿತ್ತು. ಖಾಲಿ ಬಿಟ್ಟರೆ ಶಿಕ್ಷೆ ಕೊಟ್ಟು ಕೊಟ್ಟು ನಮ್ಮನ್ನು ಹೀಗೆ ತಯಾರು ಮಾಡಿದವರ ಮೇಲೆ ಬಂದ ಸಿಟ್ಟಂತೂ ಇನ್ನೂ ಇಳಿದಿಲ್ಲ, ಇಳಿಸಿಕೊಳ್ಳುವ ಯೋಚನೆಯೂ ಇಲ್ಲ. ಆದರೆ ಮೂರೂವರೆಗೆ ಒಬ್ಬರು, ಅದಾಗಿ ಸ್ವಲ್ಪ ಹೊತ್ತಿಗೆ ಇನ್ನೊಬ್ಬರು, ವಯರು ಕೀಳಿ ಎಂದು ಹೇಳಿದ್ದರು. ಕೀಳದಿದ್ದದ್ದು ಸರಕಾರವಲ್ಲ. ನನ್ನ ಹಠ ಗೆಲ್ಲಬೇಕಿತ್ತು, ಅದಕ್ಕೆ ಟೀಚರ್ ಹೆಸರು ಹೇಳಿಕೊಂಡು ಜಗಳ ಮಾಡಿದೆ. ಬರೆಯಲು ನಾಚಿಕೆಯಾಗುತ್ತದೆ. ಆದರೂ ಆದದ್ದು ಹಾಗೆಯೇ.

ನಿಗದಿತ ಸಮಯದೊಳಗೆ ದಾಖಲೆ ಸಲ್ಲಿಸದ ಕಾರಣ ಪಟ್ಟಿಯಿಂದ ಕೈಬಿಡಲಾಗಿದೆ ಎಂದು ಕಾಗದ ಬಂದ ಮೇಲೆ ಒಂದು ಭಾನುವಾರ ಟೀಚರ್ ಮನೆಗೆ ಹೋದೆ. ಅವರು ಜಗಲಿಯಲ್ಲಿ ಕುಳಿತು ಮಕ್ಕಳ ಕಾಪಿ ಪುಸ್ತಕ ತಿದ್ದುತ್ತಿದ್ದರು. ಕಾಫಿ ಮಾಡಲು ಎದ್ದರು. ಬೇಡ, ಮೊದಲು ಕೇಳಿ ಎಂದು ಕೂರಿಸಿ ಎಲ್ಲ ಹೇಳಿದೆ. ಮೂರನೇ ಸಾಲು ತುಂಬಿಸಿದ್ದು ನಾನು, ಕುಂಬಳೆಯವನು ಕೇಳಿದಾಗ ಯಾರೂ ಕೈ ಹಾಕಲಿಲ್ಲ ಎಂದದ್ದು ನಾನು, ಬಸ್ಸಿನಿಂದ ತಡೆದದ್ದು ನಾನು. ಬೈಯಿರಿ ಟೀಚರ್, ಸರಿಯಾಗಿ ಬೈಯಿರಿ ಎಂದೆ. ಬೈಸಿಕೊಳ್ಳಲಿಕ್ಕೆಂದೇ ನಾನು ಹೋದದ್ದು.

ಅವರು ಕೆಂಪು ಪೆನ್ನಿನ ಮುಚ್ಚಳ ಹಾಕಿದರು.

"ವಯರಿನಿಂದಲೇ ಅಂತ ನನಗೆ ಅಲ್ಲಿಯೇ ಅಂದಾಜು ಆಗಿತ್ತು ಅಕ್ಕ. ನೀವು ಮಹಡಿಗೆ ಹೋದಾಗ ನಾನೇ ಬಗ್ಗಿ ಕೀಳ್ಬಹುದಿತ್ತು. ಬಸ್ಸಿಗೂ ಹೋಗ್ಬಹುದಿತ್ತು."

"ಮತ್ತೆ ಯಾಕೆ ಹೋಗ್ಲಿಲ್ಲ?" ನನ್ನ ದನಿ ಅಲ್ಲಿಯೂ ಏರಿತು.

"ನೀವು ಮೇಲೆ ನನಗೋಸ್ಕರ ಜಗಳ ಮಾಡುವುದು ಕೆಳಗೆ ಕೇಳ್ತಾ ಇತ್ತು" ಎಂದರು ಟೀಚರ್. "ಹದಿನೈದು ವರ್ಷದಲ್ಲಿ ನನಗೋಸ್ಕರ ಯಾರೂ ಒಂದು ಮಾತು ಗಟ್ಟಿಯಾಗಿ ಆಡಿದ್ದಿಲ್ಲ ಅಕ್ಕ. ಅದನ್ನು ಕೇಳ್ತಾ ಕೂತುಬಿಟ್ಟೆ."